ಅಲಾಯ್ ವೀಲ್ ಆಮೇಲೆ, ಮೊದಲು ಬುಷ್ ನೋಡಿಸಿ

ಹಳ್ಳಿಗೆ ಸೆಕೆಂಡ್ ಹ್ಯಾಂಡ್ ಕಾರೊಂದು ಬಂತೆಂದರೆ ಅದಕ್ಕೆ ಏನೇನು ಮಾಡಿಸಬೇಕು ಎಂಬ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಸೀಟ್ ಕವರ್, ಜೋರು ಹಾರ್ನ್, ಹಿಂದಿನ ಗಾಜಿಗೆ ಮನೆದೇವರ ಹೆಸರು. ದುಡ್ಡು ಉಳಿದರೆ ಅಲಾಯ್ ವೀಲ್, ಇನ್ನೂ ಉಳಿದರೆ ಅಗಲದ ಟೈರು. ಕಣ್ಣಿಗೆ ಕಾಣುವುದಕ್ಕೆಲ್ಲ ದುಡ್ಡು ಹೊಂದಿಸುವ ನಾವು, ಕಾರಿನ ಅಡಿಗೆ ಬಗ್ಗಿ ನೋಡುವುದು ಮಾತ್ರ ತೀರಾ ಅಪರೂಪ. ಅಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ದಪ್ಪದ ಕೆಲವು ರಬ್ಬರ್ ತುಂಡುಗಳಿವೆ. ಗ್ಯಾರೇಜಿನವರು ಅವನ್ನು ಬುಷ್ ಎನ್ನುತ್ತಾರೆ. ಕಾರು ನೇರ ಹೋಗುವುದು, ತಿರುವಿನಲ್ಲಿ ಹಿಡಿತ ಬಿಡದಿರುವುದು, ಗುಂಡಿಗೆ ಬಿದ್ದಾಗ ಒಳಗೆ ಕುಳಿತವರ ಸೊಂಟ ಉಳಿಯುವುದು, ಈ ಮೂರಕ್ಕೂ ಅವುಗಳ ಋಣವಿದೆ.

ನನ್ನ ವಾದ ಇಷ್ಟೇ. ನಮ್ಮ ಊರುಗಳ ರಸ್ತೆಗೆ, ನಮ್ಮ ಊರುಗಳಲ್ಲಿ ಓಡುವ ಹಳೆಯ ಕಾರುಗಳಿಗೆ, ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದ ಅಪ್‌ಗ್ರೇಡ್ ಎಂದರೆ ಸವೆದ ಬುಷ್ ತೆಗೆದು ಹೊಸ ಬುಷ್ ಹಾಕಿಸುವುದು. ಅದೂ ರೇಸಿನ ಕಾರಿನ ಗಟ್ಟಿ ಬುಷ್ ಅಲ್ಲ, ಕಾರು ತಯಾರಿಸಿದವರು ಅಳೆದು ಕೊಟ್ಟ ಅದೇ ರಬ್ಬರ್ ಬುಷ್.

ಬುಷ್ ಮಾಡುವ ಕೆಲಸ ತಿಳಿಯಲು ನಮ್ಮ ಮೊಣಕಾಲನ್ನು ನೆನೆದರೆ ಸಾಕು. ಎರಡು ಮೂಳೆಗಳ ನಡುವಿನ ಮೆತ್ತನೆಯ ಪದರ ಸವೆದರೆ ಮೂಳೆಗೆ ಮೂಳೆ ತಾಗುತ್ತದೆ, ಮೆಟ್ಟಿಲು ಇಳಿಯುವಾಗ ಜೀವ ಹೋದಂತಾಗುತ್ತದೆ. ಕಾರಿನಲ್ಲೂ ಹಾಗೆಯೇ. ಚಕ್ರವನ್ನು ಹಿಡಿದಿರುವ ಲೋಯರ್ ಆರ್ಮ್ ಎಂಬ ಕಬ್ಬಿಣದ ತೋಳು ಕಾರಿನ ಚೌಕಟ್ಟಿಗೆ ನೇರವಾಗಿ ಬೋಲ್ಟ್ ಆಗಿರುವುದಿಲ್ಲ. ನಡುವೆ ಬುಷ್ ಇರುತ್ತದೆ: ಒಳಗೊಂದು ಉಕ್ಕಿನ ಕೊಳವೆ, ಸಾಮಾನ್ಯವಾಗಿ ಹೊರಗೂ ಒಂದು, ಮಧ್ಯದಲ್ಲಿ ಲೋಹಕ್ಕೆ ಬೆಸೆದುಕೊಂಡ ರಬ್ಬರ್. ಚಕ್ರ ಮೇಲೆ ಕೆಳಗೆ ಆಡಿದಾಗ ಈ ರಬ್ಬರ್ ಜಾರುವುದಿಲ್ಲ, ತಿರುಚಿಕೊಂಡು ಮತ್ತೆ ತನ್ನ ಸ್ಥಿತಿಗೆ ಬರುತ್ತದೆ. ಹಾಗಾಗಿ ಅದಕ್ಕೆ ಗ್ರೀಸ್ ಬೇಡ, ಸದ್ದೂ ಇಲ್ಲ. ರಸ್ತೆಯ ಸಣ್ಣ ನಡುಕಗಳನ್ನು ಅದು ತನ್ನಲ್ಲೇ ನುಂಗುತ್ತದೆ, ಚಕ್ರ ಎತ್ತ ಮುಖಮಾಡಿರಬೇಕೋ ಅತ್ತಲೇ ಇರುವಂತೆಯೂ ನೋಡಿಕೊಳ್ಳುತ್ತದೆ.

ಎರಡನ್ನೂ ಒಟ್ಟಿಗೆ ಮಾಡುವುದು ಸುಲಭವಲ್ಲ. ಹಲವು ಸಣ್ಣ ಕಾರುಗಳ ಲೋಯರ್ ಆರ್ಮ್ ಎಲ್ ಅಕ್ಷರದ ಆಕಾರದಲ್ಲಿರುತ್ತದೆ. ಅದರ ಮುಂದಿನ ಬುಷ್ ಗಟ್ಟಿ, ತಿರುವಿನಲ್ಲಿ ಚಕ್ರ ಪಕ್ಕಕ್ಕೆ ಸರಿಯದಂತೆ ತಡೆಯಲು. ಹಿಂದಿನ ಬುಷ್ ದೊಡ್ಡದು, ಮೆತ್ತಗಿನದು, ಚಕ್ರ ಗುಂಡಿಗೆ ಬಡಿದಾಗ ಒಂದಿಷ್ಟು ಹಿಂದಕ್ಕೆ ಕೊಡಲು. ಆ ಹಿಂದಿನ ಬುಷ್‌ನ ರಬ್ಬರಿನಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ನೋಡಿದವರಿಗೆ ಹರಿದಂತೆ ಕಾಣಬಹುದು, ಆದರೆ ಆ ಖಾಲಿಯೇ ಲೆಕ್ಕಾಚಾರ. ಯಾವ ದಿಕ್ಕಿನಲ್ಲಿ ಎಷ್ಟು ಸಡಿಲ, ಯಾವ ದಿಕ್ಕಿನಲ್ಲಿ ಎಷ್ಟು ಬಿಗಿ ಎಂಬುದನ್ನು ಅದು ತೀರ್ಮಾನಿಸುತ್ತದೆ.

ಈಗ ರಬ್ಬರ್ ಹರಿಯಿತು ಎಂದುಕೊಳ್ಳಿ. ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಬುಷ್ ಸರಿಯಿದ್ದರೆ ತೋಳು ತಡೆಯುತ್ತದೆ, ಹರಿದಿದ್ದರೆ ತೋಳೂ ಹಿಂದೆ ಸರಿದು ಚಕ್ರದ ಮುಖವೇ ಬದಲಾಗುತ್ತದೆ. ಎಡಗಡೆಯದು ಮಾತ್ರ ಹರಿದಿದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ. ನಾವು ಅದನ್ನು ಬ್ರೇಕಿನ ದೋಷ ಎಂದುಕೊಂಡು ಬ್ರೇಕ್ ಶೂ ಬದಲಿಸುತ್ತೇವೆ. ಟೈರಿನ ಒಳಅಂಚು ಬೋಳಾಗುತ್ತದೆ, ಟೈರನ್ನು ಬಯ್ಯುತ್ತೇವೆ. ಮುಂದಿನಿಂದ ಕಟಕಟ ಸದ್ದು ಬರುತ್ತದೆ, ಶಾಕ್ ಅಬ್ಸಾರ್ಬರ್ ಹೋಯಿತು ಎನ್ನುತ್ತೇವೆ. ವೀಲ್ ಅಲೈನ್‌ಮೆಂಟ್ ಮಾಡಿಸುತ್ತೇವೆ, ಹದಿನೈದು ದಿನಕ್ಕೆ ಮತ್ತೆ ಸ್ಟಿಯರಿಂಗ್ ವಾಲುತ್ತದೆ. ಹಿಡಿದಿಡುವ ಬುಷ್ಷೇ ಸಡಿಲವಿದ್ದರೆ ಯಂತ್ರ ತೋರಿಸಿದ ಅಳತೆ ರಸ್ತೆಗಿಳಿದ ಮೇಲೆ ನಿಲ್ಲುವುದಾದರೂ ಹೇಗೆ?

1983ರ ಕೊನೆಯಿಂದ 2014ರ ಆರಂಭದವರೆಗೆ ತಯಾರಾದ ಮಾರುತಿ 800 ನಮ್ಮ ಊರುಗಳಲ್ಲಿ ಈಗಲೂ ಕಾಣಸಿಗುತ್ತದೆ. ಅದರಲ್ಲಿ ಮುಂದಿನ ಸ್ಟೆಬಿಲೈಸರ್ ಬಾರ್‌ಗೆ ಎರಡು ಕೆಲಸ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವುದು ಒಂದು, ಲೋಯರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದು ಇನ್ನೊಂದು. ಆ ಸರಳಿನ ತುದಿಯ ರಬ್ಬರ್ ವಾಷರಿನಂತಹ ಬುಷ್‌ಗಳಿಗೆ ಬೆಲೆ ತೀರಾ ಕಡಿಮೆ. ಅವು ಹೋದರೆ ಮಾತ್ರ ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಅಲ್ಲಾಡುತ್ತದೆ. ಘಟ್ಟ ಇಳಿಯುವಾಗ ಇದರ ಅರ್ಥವೇನು ಎಂಬುದನ್ನು ಆಗುಂಬೆಯ 14 ತಿರುವುಗಳನ್ನು ಮಳೆಯಲ್ಲಿ ಇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬುಷ್‌ನ ದೊಡ್ಡ ಅಪಾಯವೆಂದರೆ ಅದು ಒಂದೇ ದಿನ ಕೈಕೊಡುವುದಿಲ್ಲ. ದಿನಕ್ಕಿಷ್ಟು ಸವೆಯುತ್ತದೆ, ಓಡಿಸುವವನ ಕೈ ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. "ನಮ್ಮ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತೆ, ನನಗೆ ಅಭ್ಯಾಸ ಆಗಿದೆ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅಭ್ಯಾಸ ಅವರಿಗೆ. ಹಿಂದಿನ ಸೀಟಿನಲ್ಲಿ ಕುಳಿತವರಿಗಲ್ಲ, ಎದುರಿನಿಂದ ಬರುವ ಬೈಕಿನವನಿಗಂತೂ ಅಲ್ಲವೇ ಅಲ್ಲ.

ಹಳ್ಳಿಯ ಕಾರು ಯಾವತ್ತೂ ಒಬ್ಬರ ಕಾರಲ್ಲ. ರಾತ್ರಿ ಹೊಟ್ಟೆನೋವು ಬಂದ ಬಸುರಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು, ಬಿದ್ದು ಕಾಲು ಮುರಿದುಕೊಂಡ ಅಜ್ಜನನ್ನು ಮಲಗಿಸಿಕೊಂಡು ಹೋಗುವುದು ಪಕ್ಕದ ಮನೆಯ ಅದೇ ಓಮ್ನಿ, ಅದೇ ಬೊಲೆರೊ. ಅಂಥ ಹೊತ್ತಿನಲ್ಲಿ ಕಾರು ಪ್ರತಿ ಗುಂಡಿಗೂ ಎತ್ತಿ ಹಾಕುತ್ತದೋ ಇಲ್ಲವೋ ಎಂಬುದು ಸುಖದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಾಡಿಗೆ ವಾಹನಕ್ಕಾದರೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಸ್ವಂತ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ, ಅಲ್ಲಿಯವರೆಗೆ ಅಂಥ ಪ್ರಮಾಣಪತ್ರ ಕೇಳುವವರಿಲ್ಲ. ಕಾನೂನು ನೋಡದ ಆ ಹದಿನೈದು ವರ್ಷ ನಾವೇ ನೋಡಿಕೊಳ್ಳಬೇಕು.

ಇನ್ನು ಪಾಲಿಯುರೆಥೇನ್ ಬುಷ್ ವಿಚಾರ. ಯೂಟ್ಯೂಬ್ ನೋಡಿ ಬಂದ ಹುಡುಗರು ಗ್ಯಾರೇಜಿನಲ್ಲಿ ಈಗ ಕೇಳುವುದು ಇದನ್ನೇ. ಕೆಂಪು, ಹಳದಿ, ನೇರಳೆ ಬಣ್ಣದಲ್ಲಿ ಬರುತ್ತದೆ, ನೋಡಲೂ ಚೆಂದ. ರಬ್ಬರಿಗಿಂತ ಗಟ್ಟಿ: ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70ರ ಆಸುಪಾಸಿನಲ್ಲಿದ್ದರೆ, ಪಾಲಿಯುರೆಥೇನ್ ಬುಷ್ 80ರಿಂದ 95ರ ಆಸುಪಾಸು. ಎಣ್ಣೆ, ಗ್ರೀಸ್ ತಾಗಿದರೆ ರಬ್ಬರಿನಷ್ಟು ಬೇಗ ಕೆಡುವುದಿಲ್ಲ. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತದೆ. ಇದೆಲ್ಲ ನಿಜ, ಅದರ ಗುಣವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ.

ಆದರೆ ಆ ಗುಣ ನುಣುಪಾದ ರಸ್ತೆಯ ಗುಣ. ನಮ್ಮ ರಸ್ತೆಯಲ್ಲಿ ಗಟ್ಟಿ ಬುಷ್ ಮಾಡುವ ಮೊದಲ ಕೆಲಸವೆಂದರೆ ಪ್ರತಿ ಜಲ್ಲಿಕಲ್ಲಿನ ವರದಿಯನ್ನೂ ನಮ್ಮ ಬೆನ್ನಿಗೆ ಒಪ್ಪಿಸುವುದು. ಹಿಂದಿನ ಬುಷ್‌ನಲ್ಲಿ ಬಿಟ್ಟ ಖಾಲಿ ಜಾಗವನ್ನೂ ತುಂಬಿಬಿಟ್ಟರೆ, ಗುಂಡಿಗೆ ಬಿದ್ದ ಚಕ್ರಕ್ಕೆ ಹಿಂದಕ್ಕೆ ಕೊಡಲು ಜಾಗವೇ ಇರುವುದಿಲ್ಲ, ಆ ಪೆಟ್ಟು ಆರ್ಮಿಗೆ, ಬೋಲ್ಟಿಗೆ, ಚೌಕಟ್ಟಿಗೆ ಹೋಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಪಾಲಿಯುರೆಥೇನ್ ಬುಷ್ ಹೆಚ್ಚಾಗಿ ಲೋಹಕ್ಕೆ ಬೆಸೆದಿರುವುದಿಲ್ಲ, ಒಳಗಿನ ಕೊಳವೆಯ ಮೇಲೆ ಜಾರುತ್ತಾ ತಿರುಗುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಲೆನಾಡಿನ ಕೆಂಪು ಕೆಸರು, ಬಯಲುಸೀಮೆಯ ನುಣ್ಣನೆ ದೂಳು ಆ ಸಂದಿಗೆ ಹೊಕ್ಕರೆ ಗ್ರೀಸ್ ಹೋಗಿ ಕೀಚಲು ಸದ್ದು ಶುರುವಾಗುತ್ತದೆ. ಒಂದೆರಡು ಮಳೆಗಾಲ ಕಳೆದರೆ ಬಾಗಿಲು ತೆರೆದ ಹಳೆಯ ಗೇಟಿನಂತೆ ಕಾರು ಕಿರುಗುಟ್ಟುತ್ತದೆ.

ಸ್ಟೆಬಿಲೈಸರ್ ಬಾರನ್ನು ಚೌಕಟ್ಟಿಗೆ ಹಿಡಿದಿಡುವ ಬುಷ್‌ಗೆ, ಭಾರ ಹೊರುವ ಜೀಪಿನ ಪಾಟಾ ಬುಷ್‌ಗೆ ಪಾಲಿಯುರೆಥೇನ್ ಹಾಕಿದರೆ ತಕರಾರಿಲ್ಲ. ಅಲ್ಲಿ ಕಳೆದುಕೊಳ್ಳುವುದು ಕಡಿಮೆ. ಕುಟುಂಬದ ಕಾರಿನ ಲೋಯರ್ ಆರ್ಮಿಗೆ ಮಾತ್ರ ಅದು ಬೇಡ. ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಹಿಡಿತ ಹೆಚ್ಚಿ ಸುಖ ಹೋಗುತ್ತದೆ, ಮೆತ್ತಗೆ ಮಾಡಿಸಿದರೆ ಸುಖ ಬಂದು ಹಿಡಿತ ಹೋಗುತ್ತದೆ. ಹಳೆಯ ಕಾರಿಗೆ ಸರಿಯಾದ ಹೊಸ ರಬ್ಬರ್ ಬುಷ್ ಹಾಕಿದರೆ ಎರಡೂ ಒಟ್ಟಿಗೆ ವಾಪಸು ಬರುತ್ತವೆ. ಇಷ್ಟು ಕಡಿಮೆ ಖರ್ಚಿಗೆ ಹೀಗೆ ಎರಡು ಕಡೆ ಲಾಭ ಕೊಡುವ ಕೆಲಸ ಕಾರಿನಲ್ಲಿ ಬೇರೆ ಹೆಚ್ಚಿಲ್ಲ.

ಸರಿಯಾದದ್ದು ಎನ್ನುವ ಮಾತಿಗೆ ಒತ್ತು ಕೊಡಬೇಕು. ಕಾರಿನ ಕಂಪನಿ ಮಾಲಿಗೂ ಹೆಸರಿಲ್ಲದ ಡಬ್ಬಿಯ ಮಾಲಿಗೂ ನೋಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಒಳಗಿನ ರಬ್ಬರ್ ಮಿಶ್ರಣವಾಗಲಿ, ಲೋಹಕ್ಕೆ ಬೆಸೆದ ಬಲವಾಗಲಿ ಕಣ್ಣಿಗೆ ಬೀಳುವ ವಿಷಯವಲ್ಲ. ಕೆಲವು ಕಾರುಗಳಿಗೆ ಬುಷ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ಆರ್ಮ್ ಬದಲಿಸಬೇಕು ಎನ್ನುತ್ತಾರೆ. ಬಾಲ್ ಜಾಯಿಂಟ್ ಕೂಡ ಹೋಗಿದ್ದರೆ ಅದು ಸರಿಯೇ. ಬುಷ್ ಬಿಡಿಯಾಗಿ ಸಿಗುವುದಾದರೆ ಹೈಡ್ರಾಲಿಕ್ ಪ್ರೆಸ್ ಇರುವಲ್ಲಿ ಕೂರಿಸಿ. ಸುತ್ತಿಗೆಯಿಂದ ಬಡಿದು ಕೂರಿಸಿದ ಬುಷ್ ಓಡುವ ಮೊದಲೇ ಅರ್ಧ ಸತ್ತಿರುತ್ತದೆ.

ಕೂರಿಸಿದ ಮೇಲೂ ಒಂದು ಸೂಕ್ಷ್ಮವಿದೆ. ಗಡಿಬಿಡಿಯ ಗ್ಯಾರೇಜುಗಳಲ್ಲಿ ಕಾರು ಜಾಕಿನ ಮೇಲಿರುವಾಗಲೇ, ಚಕ್ರ ಕೆಳಗೆ ಜೋತುಬಿದ್ದಿರುವಾಗಲೇ ಆರ್ಮಿನ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಆ ಜೋತುಬಿದ್ದ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಕಾರನ್ನು ನೆಲಕ್ಕಿಳಿಸಿದಾಗ ಚಕ್ರ ಮೇಲೆ ಬಂದು, ನಿಂತಲ್ಲೇ ರಬ್ಬರ್ ತಿರುಚಿಕೊಂಡಿರುತ್ತದೆ. ಅಂಥ ಬುಷ್ ಬೇಗ ಹರಿಯದೆ ಇನ್ನೇನು? ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಂದ ನಂತರ ಕೊನೆಯ ಬಿಗಿ ಕೊಡಬೇಕು. ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಬೇಕು. ಇದಕ್ಕೆ ಹೆಚ್ಚಿನ ದುಡ್ಡು ಬೇಡ, ಹತ್ತು ನಿಮಿಷದ ತಾಳ್ಮೆ ಬೇಕು. ಕೇಳುವ ಗಿರಾಕಿ ಇದ್ದರೆ ಮಾಡುವ ಮೆಕ್ಯಾನಿಕ್ಕೂ ಇರುತ್ತಾನೆ.

ನಮ್ಮ ವಾಟರ್ ಸರ್ವಿಸ್ ಅಂಗಡಿಗಳ ಒಂದು ರೂಢಿಯೂ ನಿಲ್ಲಬೇಕು. ಕಾರು ತೊಳೆದಾದ ಮೇಲೆ ತುಕ್ಕು ಹಿಡಿಯಬಾರದೆಂದು ಅಡಿಗೆ ಡೀಸೆಲ್ಲನ್ನೋ ಹಳೆಯ ಎಂಜಿನ್ ಆಯಿಲನ್ನೋ ಚಿಮುಕಿಸುವುದು. ನೈಸರ್ಗಿಕ ರಬ್ಬರಿಗೆ ಇವೆರಡೂ ವಿಷ. ರಬ್ಬರ್ ಊದಿಕೊಂಡು ಮೆತ್ತಗಾಗಿ ಸೀಳುತ್ತದೆ. ಕಬ್ಬಿಣ ಉಳಿಸಲು ಹೋಗಿ ಬುಷ್ ಕಳೆದುಕೊಳ್ಳುವ ಈ ಸೇವೆಗೆ ಮೇಲಿಂದ ದುಡ್ಡನ್ನೂ ಕೊಡುತ್ತೇವೆ.

ಇಷ್ಟೆಲ್ಲ ಹೇಳಿ ರಸ್ತೆಯ ಮಾತು ಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ಬುಷ್ ತಿನ್ನುವುದು ಗುಂಡಿ ಮಾತ್ರವಲ್ಲ, ರಾತ್ರೋರಾತ್ರಿ ಏಳುವ ಹಂಪುಗಳೂ ಹೌದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಐಆರ್‌ಸಿ 99 ಎಂಬ ಮಾರ್ಗಸೂಚಿ ಹೊರತಂದಿತು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಎಂದಿತ್ತು ಅದು. ಅಂದರೆ ಇಡೀ ಕಾರೇ ಮೇಲೆ ನಿಲ್ಲುವಷ್ಟು ಅಗಲದ ಸಣ್ಣ ಉಬ್ಬು. ನಮ್ಮೂರ ಶಾಲೆಯ ಮುಂದೆ, ಗುಡಿಯ ಮುಂದೆ ಇರುವುದು ಇದೆಯೇ? ಅಪಘಾತವಾದ ಮಾರನೇ ದಿನ ಸಿಟ್ಟಿನಲ್ಲಿ ಹಾಕಿದ ಒಂದು ಮೊಳ ಅಗಲದ ಕಾಂಕ್ರೀಟ್ ದಿಮ್ಮಿಗಳೇ ಹೆಚ್ಚು. ಮಕ್ಕಳ ಜೀವ ಉಳಿಸಲು ಹಂಪು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಳತೆ ತಪ್ಪಿದ ಹಂಪು ಬೈಕಿನವನನ್ನು ಕೆಡವುತ್ತದೆ, ರೋಗಿಯನ್ನು ನರಳಿಸುತ್ತದೆ, ಬಣ್ಣ ಬಳಿಯದಿದ್ದರೆ ರಾತ್ರಿ ಕಾಣುವುದೂ ಇಲ್ಲ. ರಸ್ತೆ ಮಾಡಿದವರು ಉಳಿಸಿದ ದುಡ್ಡಿನ ಬಿಲ್ಲನ್ನು ಗ್ಯಾರೇಜಿನಲ್ಲಿ ನಾವು ಕಟ್ಟುತ್ತಿದ್ದೇವೆ. ಗ್ರಾಮಸಭೆಯಲ್ಲಿ ಬೀದಿದೀಪದ ಬಗ್ಗೆ ಕೇಳುವ ಹಾಗೆ ಹಂಪಿನ ಅಳತೆಯನ್ನೂ ಕೇಳಬೇಕು. ಟೇಪು ಹಿಡಿದು ಅಳೆಯಲು ಎಂಜಿನಿಯರ್ ಆಗಬೇಕಿಲ್ಲ.

ರಸ್ತೆ ಸರಿಯಾಗುವವರೆಗೆ ಕಾಯಲು ಬುಷ್‌ಗೆ ಆಗುವುದಿಲ್ಲ. ಮಳೆಗಾಲದ ಗುಂಡಿಗಳೆಲ್ಲ ಮುಗಿಯುವ ಹೊತ್ತಿಗೆ ಆಯುಧ ಪೂಜೆ ಬರುತ್ತದೆ. ಕಾರು ತೊಳೆದು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುವ ಮೊದಲು ಒಂದು ದಿನ ಗ್ಯಾರೇಜಿಗೆ ಹೋಗಿ. ಕಾರನ್ನು ಮೇಲೆತ್ತಿಸಿ, ಬುಷ್‌ಗಳ ಪಕ್ಕ ಟಾಮಿ ಹಾಕಿ ಮೀಟಿ ನೋಡಲು ಹೇಳಿ. ನೀವೂ ಬಗ್ಗಿ ನೋಡಿ. ರಬ್ಬರ್ ಲೋಹದಿಂದ ಬಿಟ್ಟಿದೆಯೇ, ಬಿರುಕು ಆಳಕ್ಕೆ ಇಳಿದಿದೆಯೇ, ಆರ್ಮ್ ಲೊಳಲೊಳ ಎನ್ನುತ್ತಿದೆಯೇ. ಹೌದಾದರೆ ಅಲಾಯ್ ವೀಲಿಗೆ ತೆಗೆದಿಟ್ಟ ದುಡ್ಡಿನಲ್ಲಿ ಸಣ್ಣದೊಂದು ಪಾಲನ್ನು ಆ ಕಪ್ಪು ರಬ್ಬರಿಗೆ ಕೊಡಿ. ಯಾರೂ ನೋಡಿ ಹೊಗಳುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿ ಮಾತ್ರ ಪೇಟೆ ಮುಟ್ಟುವವರೆಗೆ ಒಂದು ಸಲವೂ "ನಿಧಾನ ಹೋಗೋ ಮಾರಾಯ" ಎನ್ನಲಿಕ್ಕಿಲ್ಲ.