ಕಾರಣ ಕೇಳುವ ಹಕ್ಕು

"ನಾನು ಮಾಡಿದ ತಪ್ಪೇನು ಅಂತ ಯಾರೂ ಹೇಳ್ತಾ ಇಲ್ಲ."

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ದುಡಿದ ಗೆಳತಿಯೊಬ್ಬಳು ಈಚೆಗೆ ನಮ್ಮೆದುರು ಕುಳಿತು ಹೇಳಿದ ಮಾತಿದು. ಎಂದಿನಂತೆ ಕೆಲಸಕ್ಕೆ ಹೋದವಳನ್ನು ಹತ್ತು ನಿಮಿಷ ಒಳಗೆ ಕರೆದರು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಲ್ಯಾಪ್‌ಟಾಪ್, ಗುರುತಿನ ಚೀಟಿ ಇಸಿದುಕೊಂಡರು. ಊಟದ ಡಬ್ಬಿಯನ್ನು ತೆರೆಯದೆಯೇ ಆಕೆ ಮನೆಗೆ ಬಂದಳು.

ಕಂಪನಿ ಕಾರಣ ಹೇಳಲಿಲ್ಲ. ಮನೆಯಲ್ಲಿ ಮಾತ್ರ ಕಾರಣಗಳಿಗೆ ಬರವಿರಲಿಲ್ಲ. "ನೆಟ್ಟಗೆ ಕೆಲಸ ಮಾಡಿದ್ದರೆ ಯಾಕೆ ತೆಗೀತಿದ್ರು?" ಎಂದರು ಅತ್ತೆ. ಮಗುವಿಗೆ ಜ್ವರ ಬಂದಾಗ ರಜೆ ಹಾಕಿದ್ದನ್ನು ಗಂಡ ಎತ್ತಿ ಆಡಿದ. "ಮನೆ ಸಾಲದ ಕಂತನ್ನು ಇನ್ನು ನಿಮ್ಮಪ್ಪ ಕಟ್ಟಲಿ" ಎಂಬ ಮಾತು ವಾರದೊಳಗೆ ಬಂತು. ಮೊದಲ ಪೆಟ್ಟು ಬಿದ್ದದ್ದು ಮುಂದಿನ ತಿಂಗಳು, ಸಂಬಳ ಬರಬೇಕಿದ್ದ ದಿನ.

ಇದು ವರದಕ್ಷಿಣೆ ಇಲ್ಲದ ಮದುವೆಯಂತೆ! "ಹುಡುಗಿ ಕೆಲಸದಲ್ಲಿದ್ದರೆ ಸಾಕು, ನಮಗೇನೂ ಬೇಡ" ಎಂದಿದ್ದರಂತೆ. ಆದರೆ ಮದುವೆಯಾದ ಆರು ವರ್ಷವೂ ಆಕೆಯ ಸಂಬಳ ಗಂಡನ ಖಾತೆಗೆ ಹೋಯಿತು. ಮನೆ ಅವನ ಹೆಸರಿಗಾಯಿತು. ಒಂದೇ ಸಲ ಕೊಟ್ಟರೆ ವರದಕ್ಷಿಣೆ, ತಿಂಗಳು ತಿಂಗಳು ಕೊಟ್ಟರೆ ಸಂಸಾರವೆ? ಹೆಣ್ಣಿಗೆ ನೌಕರಿಯಿದ್ದರೆ ಹಿಂಸೆ ತಾನಾಗಿ ನಿಲ್ಲುತ್ತದೆ ಎಂದು ನಂಬಿದವರಲ್ಲಿ ನಾವೂ ಇದ್ದೆವು. ಇಲ್ಲಿ ನೌಕರಿ ಹಿಂಸೆಯನ್ನು ತಡೆದಿರಲಿಲ್ಲ, ಮುಂದೂಡಿತ್ತು, ಅಷ್ಟೆ.

ಆಕೆ ಸಹಿ ಹಾಕಿದ ಕಾಗದ ಯಾವುದು? ರಾಜೀನಾಮೆ ಪತ್ರ! "ನೀವೇ ಬಿಟ್ಟಿರಿ ಎಂದಾದರೆ ಮುಂದಿನ ಕೆಲಸಕ್ಕೆ ಒಳ್ಳೆಯದು" ಎಂದು ಬರೆಸಿಕೊಂಡಿದ್ದಾರೆ. ಇದರ ಹಿಂದಿನ ಲೆಕ್ಕಾಚಾರವನ್ನು ನಾವು ತಿಳಿಯಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ವರ್ಷ ಪೂರೈಸಿದ ಕಾರ್ಮಿಕರನ್ನು ಕಡಿತ ಮಾಡಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸು ಇಲ್ಲವೆ ಅಷ್ಟು ದಿನದ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಪರಿಹಾರ ಕೊಡಬೇಕು. ತಾವಾಗಿ ಬಿಟ್ಟವರಿಗೆ ಇದು ಸಿಗದು. ನೀವು ಮ್ಯಾನೇಜರು, ಕಾರ್ಮಿಕರಲ್ಲ ಎಂಬ ವಾದವೂ ಬರುತ್ತದೆ. ಹುದ್ದೆಯ ಹೆಸರಲ್ಲ, ಮಾಡುವ ಕೆಲಸ ಮುಖ್ಯವೆಂದು ನ್ಯಾಯಾಲಯಗಳು ಹೇಳಿವೆ.

'ತಾವಾಗಿ' ಎಂಬ ಈ ಮಾತನ್ನು ನಾವು ಹಿಂದೆ ಕೇಳಿಲ್ಲವೆ? 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದಾಗಿನಿಂದ ಗಂಡಿನ ಕಡೆಯವರು ಹೇಳುತ್ತ ಬಂದಿರುವುದು ಇದನ್ನೇ: "ನಾವು ಕೇಳಲಿಲ್ಲ, ಅವರೇ ಸಂತೋಷದಿಂದ ಕೊಟ್ಟರು." ಕಿತ್ತುಕೊಂಡದ್ದಕ್ಕೆ ಅಲ್ಲಿ ಉಡುಗೊರೆಯೆಂದು ಹೆಸರು, ಇಲ್ಲಿ ರಾಜೀನಾಮೆಯೆಂದು ಹೆಸರು.

ಗೆಳತಿಯರೆ, ಕರೆದ ಕೂಡಲೆ ಸಹಿ ಹಾಕಬೇಡಿ. ಕಾಲಾವಕಾಶ ಕೇಳಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳ ಪ್ರತಿ ನಿಮ್ಮ ಬಳಿ ಇರಲಿ. ಕಾರ್ಮಿಕ ಇಲಾಖೆಗೆ ಹೋಗಿ. 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘವಿದೆ, ಸೇರಿ. ನಿಮ್ಮ ಸಂಬಳ ನಿಮ್ಮದೇ ಖಾತೆಯಲ್ಲಿರಲಿ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಕೊಟ್ಟಿದೆ. ಆರ್ಥಿಕ ಹಿಂಸೆಯನ್ನೂ ಅದು ಹಿಂಸೆಯೆಂದೇ ಕರೆದಿದೆ. 181ಕ್ಕೆ ಕರೆ ಮಾಡಲು ಪೆಟ್ಟು ಬೀಳುವವರೆಗೆ ಕಾಯಬೇಕಿಲ್ಲ.

ಕೆಲಸ ಕಳೆದುಕೊಂಡು ಬಂದವಳನ್ನು "ಏನು ಮಾಡಿದೆ?" ಎಂದು ಕೇಳುವುದನ್ನು ನಾವೂ ಬಿಡಬೇಕು. ಉತ್ತರ ಕೊಡಬೇಕಾದವಳು ಅವಳಲ್ಲ. ತೆಗೆದವರು ಕಾರಣ ಹೇಳಲಿ, ಹೊಡೆದವರು ಕಟಕಟೆಯಲ್ಲಿ ನಿಂತು ಹೇಳಲಿ.