ಸೇವೆಯೋ, ಸಂತೆಯೋ?

ಮುಪ್ಪಾದ ಕುದುರೆಯನ್ನು ಸಲಹುವುದು ಪುಣ್ಯದ ಕೆಲಸವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಆ ಪುಣ್ಯವನ್ನು ಒಂದು ಭಾನುವಾರದ ಮಧ್ಯಾಹ್ನದೊಳಗೆ, ನಲವತ್ತು ಜನ ಕೂಡಿ, ಒಂದೇ ಬಣ್ಣದ ಅಂಗಿ ತೊಟ್ಟು ಸಂಪಾದಿಸಿಬಿಡಬಹುದೆಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬೇರೂರುತ್ತಿದೆ. ಕಚೇರಿಯವರು, ಕಾಲೇಜಿನವರು, ಸಂಘಸಂಸ್ಥೆಗಳವರು ಬಸ್ಸು ಮಾಡಿಕೊಂಡು ಪ್ರಾಣಿಗಳ ಆಶ್ರಯಧಾಮಗಳಿಗೆ ಹೋಗಿ ‘ಸಾಮೂಹಿಕ ಸೇವೆ’ ಸಲ್ಲಿಸಿ ಬರುತ್ತಿದ್ದಾರೆ. ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳ ಬಳಗವೂ ಇದೇ ದಾರಿ ಹಿಡಿದಿದೆ. ಈ ವರ್ಷ ಇನ್ನೂ ದೊಡ್ಡ ಗುಂಪಿನೊಡನೆ ಹೊರಡುವ ಆಲೋಚನೆಯಲ್ಲಿದೆ. ಆ ಬಳಗದವನೇ ಆದ ನಾನು ಇದನ್ನು ವಿರೋಧಿಸಿ ಬರೆಯಬೇಕಾಗಿ ಬಂದದ್ದು ಸಂತೋಷದ ಸಂಗತಿಯಲ್ಲ. ಆದರೂ ಕಣ್ಣಾರೆ ಕಂಡದ್ದನ್ನು ಮುಚ್ಚಿಡುವುದು ಸೌಜನ್ಯವೆನಿಸೀತೇ ಹೊರತು ಸತ್ಯವೆನಿಸಲಾರದು.

ಕಳೆದ ವರ್ಷ ನಾವು ನಲವತ್ತು ಮಂದಿ ಇಂಥದೊಂದು ಧಾಮಕ್ಕೆ ಹೋಗಿದ್ದೆವು. ಜಟಕಾ ಎಳೆದು ಸವೆದವು, ಮದುವೆಯ ಮೆರವಣಿಗೆಗಳಲ್ಲಿ ಬಳಲಿದವು, ಕಾಲಿಗೆ ಪೆಟ್ಟಾಗಿ ಪಂದ್ಯದಿಂದ ಹೊರಬಿದ್ದವು, ಹೀಗೆ ಹತ್ತಾರು ಕುದುರೆಗಳು ಅಲ್ಲಿದ್ದವು. ನೋಡಿಕೊಳ್ಳಲು ಇಬ್ಬರೇ ಕುದುರೆಗಾರರು. ನಾವು ಕಾಲಿಟ್ಟೊಡನೆ ಆ ಇಬ್ಬರೂ ಲಾಯದ ಕೆಲಸ ಬಿಟ್ಟು ನಮ್ಮ ಉಪಚಾರಕ್ಕೆ ನಿಂತರು. ನಾವು ಒಂದಿಷ್ಟು ಲದ್ದಿ ಎತ್ತಿದೆವು, ಒಂದು ಗೋಡೆಗೆ ಸುಣ್ಣ ಬಳಿದೆವು, ನೂರಾರು ಛಾಯಾಚಿತ್ರ ತೆಗೆದುಕೊಂಡೆವು. ಪ್ರತಿಯೊಬ್ಬರೂ ಪ್ರೀತಿಯಿಂದ ಬೆಲ್ಲವನ್ನೋ ಬ್ರೆಡ್ಡನ್ನೋ ತಿನ್ನಿಸಿದೆವು. ಬಾಗಿಲ ಬಳಿಯೇ ಕಟ್ಟಿದ್ದ ಒಂದು ಮುದಿ ಹೆಣ್ಣುಕುದುರೆಗೆ ಈ ಪ್ರೀತಿ ಅತಿಯಾಗಿ ಸಂದಿತು. ಆ ರಾತ್ರಿ ಅದಕ್ಕೆ ಹೊಟ್ಟೆಶೂಲೆ ಬಂದು, ಕುದುರೆಗಾರ ಬೆಳಗಿನವರೆಗೆ ಕಾದು, ವೈದ್ಯರನ್ನು ಕರೆಸಿ ಉಳಿಸಿಕೊಂಡನೆಂಬುದು ನನಗೆ ತಿಳಿದದ್ದು ವಾರದ ಮೇಲೆ, ಮರೆತು ಬಂದಿದ್ದ ಕೊಡೆಗಾಗಿ ಮತ್ತೆ ಅಲ್ಲಿಗೆ ಹೋದಾಗ. ಅವನು ಸಿಟ್ಟಾಗಲಿಲ್ಲ. “ನೀವು ನಲವತ್ತು ಜನ, ಸ್ವಾಮಿ, ಅದಕ್ಕಿರೋದು ಒಂದೇ ಹೊಟ್ಟೆ” ಎಂದಷ್ಟೇ ಹೇಳಿದ. ಈ ಲೇಖನಕ್ಕೆ ಆ ಮಾತೇ ಮೂಲ.

ಕುದುರೆ ಹಸುವಿನಂಥ ಪ್ರಾಣಿಯಲ್ಲ. ಅದಕ್ಕೆ ಮೆಲುಕಿಲ್ಲ, ತಿಂದದ್ದನ್ನು ವಾಂತಿ ಮಾಡುವ ಶಕ್ತಿಯೂ ಇಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಹುಲ್ಲು ಜೀರ್ಣವಾಗುವುದು ಹಿಂಭಾಗದ ದೊಡ್ಡ ಕರುಳಿನಲ್ಲಿ. ಅಲ್ಲಿಗೆ ಒಮ್ಮೆಲೇ ಸಿಹಿಯೋ ಕಾಳೋ ಹೆಚ್ಚಾಗಿ ಸೇರಿದರೆ ಹುಳಿತು ಶೂಲೆ ಹುಟ್ಟುತ್ತದೆ. ಕೆಲವೊಮ್ಮೆ ಗೊರಸಿನೊಳಗೆ ಉರಿಯೂತ ಹತ್ತಿ ಪ್ರಾಣಿ ಜನ್ಮವಿಡೀ ಕುಂಟುತ್ತದೆ. ಇನ್ನು ಅದರ ಸ್ವಭಾವವೋ, ಅಪಾಯ ಕಂಡರೆ ಓಡಿ ಬದುಕುವಂಥದು. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೇರ ಹಿಂದೆ ನಿಂತವರು ಅದಕ್ಕೆ ಕಾಣಿಸುವುದಿಲ್ಲ. ಏಟು ತಿಂದು ಬಂದ ಕುದುರೆಯ ಸುತ್ತ ನಲವತ್ತು ಅಪರಿಚಿತರು ಗದ್ದಲವೆಬ್ಬಿಸಿ ನಿಲ್ಲುವುದು ಅದರ ಪಾಲಿಗೆ ಆದರವಲ್ಲ, ಮುತ್ತಿಗೆ.

ಈ ಸಂದರ್ಭದಲ್ಲಿ ನೆನೆಯಬೇಕಾದ ಹೆಸರು ಡೊರೊಥಿ ಬ್ರೂಕ್ ಎಂಬ ಆಂಗ್ಲ ಮಹಿಳೆಯದು. ಮೊದಲನೆಯ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ರಣರಂಗದಲ್ಲಿ ಅಶ್ವದಳಗಳ ಪಾತ್ರ ದೊಡ್ಡದಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರೊಡನೆ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ದೆಹಲಿಯ ತೀನ್‌ಮೂರ್ತಿ ಸ್ಮಾರಕ ಇಂದಿಗೂ ಅದನ್ನು ಸಾರುತ್ತಿದೆ. ಯುದ್ಧ ಮುಗಿದ ಬಳಿಕ ಬ್ರಿಟಿಷ್ ಸೇನೆ ತನ್ನ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿ ಹೊರಟುಹೋಯಿತು. ಸ್ಮಾರಕ ಸವಾರರಿಗೆ ದೊರೆಯಿತು, ಕುದುರೆಗಳಿಗೆ ಗಾಡಿಯ ನೊಗ ದೊರೆಯಿತು. 1930ರಲ್ಲಿ ಸೇನಾಧಿಕಾರಿಯಾದ ಪತಿಯೊಡನೆ ಕೈರೋಗೆ ಬಂದ ಡೊರೊಥಿ, ಆ ಕುದುರೆಗಳು ಮೂಳೆಚಕ್ಕಳವಾಗಿ ಬೀದಿಗಳಲ್ಲಿ ಭಾರ ಎಳೆಯುತ್ತಿದ್ದುದನ್ನು ಕಂಡರು. ಮೈಮೇಲಿನ ಸೇನಾಮುದ್ರೆಯಿಂದ ಅವುಗಳನ್ನು ಗುರುತಿಸಿದರು.

ಆಕೆ ಮಾಡಿದ್ದೇನು? 1931ರಲ್ಲಿ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಒಂದು ಪತ್ರ ಬರೆದರು. ಓದುಗರು ಕೈರೋಗೆ ಗುಂಪುಗುಂಪಾಗಿ ಬಂದು ಕುದುರೆಗಳ ಪಕ್ಕದಲ್ಲಿ ನಿಂತುಕೊಳ್ಳಲೆಂದು ಕೇಳಲಿಲ್ಲ, ಹಣ ಕೇಳಿದರು. ಹಣ ಬಂತು. ಮೂರೇ ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಅವುಗಳ ಒಡೆಯರಿಂದ ಕೊಂಡರು. ಅವುಗಳಲ್ಲಿ ಬಹುಪಾಲು ಗುಣವಾಗುವ ಸ್ಥಿತಿಯನ್ನು ದಾಟಿದ್ದವು. ಅಂಥವಕ್ಕೆ ನೋವಿಲ್ಲದ ಸಾವನ್ನು ಕೊಡುವ ಕಠಿಣ ಹೊಣೆಯನ್ನೂ ಆಕೆ ಹೊತ್ತರು. 1934ರಲ್ಲಿ ಕೈರೋದಲ್ಲಿ ಉಚಿತ ಚಿಕಿತ್ಸೆಯ ಆಸ್ಪತ್ರೆಯನ್ನು ಸ್ಥಾಪಿಸಿದರು; ಆಕೆಯ ಹೆಸರಿನ ಸಂಸ್ಥೆ ಇಂದು ಭಾರತದಲ್ಲಿಯೂ ದುಡಿಯುವ ಕುದುರೆ ಕತ್ತೆಗಳ ನಡುವೆ ಕೆಲಸ ಮಾಡುತ್ತಿದೆ. ಸಾಯಲಿರುವ ಕುದುರೆಯ ಕೊನೆಯ ಗಳಿಗೆಯಲ್ಲಿ ನಗುಮುಖದ ಚಿತ್ರಕ್ಕೆ ಎಡೆಯೆಲ್ಲಿದೆ? ನಿಜವಾದ ಸೇವೆಯ ಬಹುಭಾಗ ನೋಡಲು ಚೆಂದವಲ್ಲದ ಕೆಲಸವೇ ಆಗಿರುತ್ತದೆ.

ನಮ್ಮ ಬಳಗದ ಮಿತ್ರರು ಇದಕ್ಕೆ ಎರಡು ಉತ್ತರಗಳನ್ನು ಕೊಡುವುದುಂಟು. “ಒಮ್ಮೆ ಕಣ್ಣಾರೆ ಕಂಡರಲ್ಲವೇ ಕರುಣೆ ಹುಟ್ಟುವುದು?” ಎಂಬುದು ಮೊದಲನೆಯದು. ಒಪ್ಪೋಣ. ಆದರೆ ನಾವು ನಲವತ್ತು ಮಂದಿ ಕಂಡೆವು. ಹುಟ್ಟಿದ ಕರುಣೆ ಎಲ್ಲಿಗೆ ಹೋಯಿತು? ಎರಡನೆಯ ಸಲ ಹೋದವನು ನಾನೊಬ್ಬನೇ. ನಾನಾದರೂ ಹೋದದ್ದು ಕೊಡೆಗಾಗಿ! ಬಿತ್ತಿದ ಬೀಜ ಮೊಳೆಯಿತೇ ಎಂದು ನೋಡದೆ ಪ್ರತಿವರ್ಷ ಬಿತ್ತುತ್ತಲೇ ಹೋಗುವವನನ್ನು ರೈತನೆನ್ನುವುದಿಲ್ಲ. “ಧಾಮದವರೇ ಕರೆಯುತ್ತಾರಲ್ಲ?” ಎಂಬುದು ಎರಡನೆಯದು. ಹೌದು, ಕರೆಯುತ್ತಾರೆ, ಗುಂಪು ಬಂದರಷ್ಟೇ ದೇಣಿಗೆ ಬರುವಂತಾಗಿರುವುದರಿಂದ ಕರೆಯುತ್ತಾರೆ. ಮೇವಿನ ಹಣಕ್ಕಾಗಿ ಕುದುರೆಯ ನೆಮ್ಮದಿಯನ್ನು ಮಾರುವ ಇಕ್ಕಟ್ಟಿಗೆ ಅವರನ್ನು ನೂಕಿದವರು ನಾವೇ. ನಾವು ಬಸ್ಸಿಗೂ ಅಂಗಿಗಳಿಗೂ ತೆತ್ತ ಹಣ ಅಂದು ನಾವು ಕೊಟ್ಟ ದೇಣಿಗೆಗಿಂತ ಹೆಚ್ಚಿತ್ತೆಂಬುದನ್ನು ಲೆಕ್ಕ ಬರೆದ ನಾನೇ ಬಲ್ಲೆ.

ಸುಮಾರು 400 ಕಿಲೋ ತೂಗುವ ಕುದುರೆಗೆ ದಿನವೊಂದಕ್ಕೆ 8 ಕಿಲೋದಷ್ಟು ಒಣಮೇವು ಬೇಕು. ವರ್ಷಕ್ಕೆ ಹತ್ತಿರಹತ್ತಿರ 3 ಟನ್. ಆರೆಂಟು ವಾರಗಳಿಗೊಮ್ಮೆ ಗೊರಸು ಕತ್ತರಿಸಬೇಕು, ಹಲ್ಲು ಅರದಿಂದ ಸಮಮಾಡಿಸಬೇಕು, ಧನುರ್ವಾಯುವಿನ ಲಸಿಕೆ ತಪ್ಪಬಾರದು. ಚೆನ್ನಾಗಿ ನೋಡಿಕೊಂಡರೆ ಅದು ಇಪ್ಪತ್ತೈದು ವರ್ಷ ಬದುಕುತ್ತದೆ. ಇಷ್ಟು ದೀರ್ಘವಾದ ಹಸಿವಿಗೆ ಒಂದು ದಿನದ ಉತ್ಸಾಹ ಉತ್ತರವಾಗದು. ನಲವತ್ತು ಜನ ಒಮ್ಮೆ ಹೋದರೆ ಆಗುವುದು ನಲವತ್ತು ದಿನಗಳ ದುಡಿಮೆ, ಅದೂ ಒಬ್ಬರ ಕಾಲಿಗೆ ಇನ್ನೊಬ್ಬರು ತೊಡರುತ್ತ. ವಾರಕ್ಕೆ ಇಬ್ಬರಂತೆ ಸರದಿಯಿಂದ ಹೋದರೆ ವರ್ಷಕ್ಕೆ 104 ದಿನಗಳ ದುಡಿಮೆ, ಗದ್ದಲವಿಲ್ಲದೆ.

ಗುಂಪಿಗೆ ಕೆಲಸವೇ ಇಲ್ಲವೆಂದು ನನ್ನ ವಾದವಲ್ಲ. ಮೇವಿನ ಲಾರಿ ಬಂದ ದಿನ ಹೊರೆ ಇಳಿಸಲು ಇಪ್ಪತ್ತು ತೋಳುಗಳು ಬೇಕು. ಮಳೆಗೆ ಮುಂಚೆ ಕಾಲುವೆ ತೋಡಬೇಕು, ನೆರಳಿಗೆ ಚಪ್ಪರ ಹಾಕಬೇಕು, ಗೊರಸಿಗೆ ಚುಚ್ಚುವ ಮೊಳೆ ತಂತಿಗಳನ್ನು ಬಯಲಿನಿಂದ ಆರಿಸಬೇಕು. ಪೂಜೆಗೆಂದು ನಾವು ಬೆಳೆಸುವ ಕಣಗಿಲೆಯ ಎಲೆ ಕುದುರೆಗೆ ಘೋರ ವಿಷ. ಬೇಲಿಯಲ್ಲಿದ್ದರೆ ಬೇರುಸಹಿತ ಕೀಳಬೇಕು. ಇವೆಲ್ಲ ಕುದುರೆಯಿಂದ ದೂರ ನಿಂತು ಮಾಡುವ ಕೆಲಸಗಳು. ಯಾವುದು ಬೇಕೆಂದು ಹೇಳಬೇಕಾದವನು ಕುದುರೆಗಾರ, ನಾವಲ್ಲ. ಪದವಿ ಪಡೆದ ನಾವು ಅವನ ಮಾತು ಕೇಳಿ ದುಡಿಯಲು ಸಿದ್ಧರಿದ್ದೇವೆಯೇ? ಕಾಯಕದ ಹಿರಿಮೆಯನ್ನು ವೇದಿಕೆಯ ಮೇಲೆ ಕೊಂಡಾಡುವವರಿಗೆ ನಿಜವಾದ ಪರೀಕ್ಷೆ ಅಲ್ಲಿದೆ.

ಆದುದರಿಂದ ಬಳಗದವರಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷದ ಬಸ್ಸನ್ನು ನಿಲ್ಲಿಸೋಣ. ಅದರ ಹಣವನ್ನು ಯಾವ ಷರತ್ತೂ ಇಲ್ಲದೆ ಮೇವಿಗೆ ಕೊಟ್ಟು, ಮುಂದೆ ತಿಂಗಳುತಿಂಗಳೂ ತಪ್ಪದೆ ಕಳುಹಿಸೋಣ. ಭಾನುವಾರಕ್ಕೆ ಇಬ್ಬರಂತೆ ಒಂದು ಪಟ್ಟಿ ಬರೆಯೋಣ. ಕೊಡೆ ತರಲು ಹೋದಂದಿನಿಂದ ನಾನು ತಿಂಗಳಿಗೆ ಎರಡು ಸಲ ಅಲ್ಲಿಗೆ ಹೋಗುತ್ತಿದ್ದೇನೆ. ಮೊದಲ ಎರಡು ತಿಂಗಳು ಆ ಮುದಿ ಹೆಣ್ಣುಕುದುರೆ ನನ್ನನ್ನು ಹತ್ತಿರ ಸೇರಿಸಲಿಲ್ಲ. ಲದ್ದಿ ಎತ್ತಿ, ನೀರಿನ ತೊಟ್ಟಿ ತೊಳೆದು ಬಂದೆ. ಮೂರನೆಯ ತಿಂಗಳು ಶುಚಿಮಾಡಲು ಕಾಲೆತ್ತಿ ಗೊರಸನ್ನು ನನ್ನ ಕೈಗೆ ಕೊಟ್ಟಿತು. ಅದರ ಛಾಯಾಚಿತ್ರ ನನ್ನ ಬಳಿ ಇಲ್ಲ. ಪಟ್ಟಿಯ ಮೊದಲನೆಯ ಹೆಸರು ನನ್ನದಿರಲಿ. ಎರಡನೆಯದು ಯಾರದೆಂದು ಬಳಗ ತಿಳಿಸಲಿ.