ಟೆಂಪ್ ಫೈಲ್ ಅಂದ್ರೆ ಕಸ ಅಲ್ರೀ!

"ಕಂಪ್ಯೂಟರ್ ಸ್ಲೋ ಆಗ್ಯಾದೇನ್ರಿ? ಟೆಂಪ್ ಫೈಲ್ ಎಲ್ಲಾ ಡಿಲೀಟ್ ಹೊಡೀರಿ." ಈ ಉಪದೇಶ ಕೊಡದ ರಿಪೇರಿಯವರನ್ನು ಕಲಬುರಗಿಯಲ್ಲಿ ನಾನಿನ್ನೂ ಕಂಡಿಲ್ಲ. ವಿಂಡೋಸ್‌ನ ಟೆಂಪ್ ಫೋಲ್ಡರಿಗೆ ಈ ಮಾತು ಬಹುಮಟ್ಟಿಗೆ ಸರಿ. ಆದರೆ ಡಾಸ್ ಕಾಲದ ಫಾಕ್ಸ್‌ಪ್ರೊ ಇರುವ ಕಡೆ ಇದನ್ನೇ ಹೇಳುವುದು ಶುದ್ಧ ಬೇಜವಾಬ್ದಾರಿ.

ಈಗ ಯಾರು ಫಾಕ್ಸ್‌ಪ್ರೊ ಬಳಸ್ತಾರೆ ಅಂತ ನಗಬೇಡಿ. ಮೈಕ್ರೋಸಾಫ್ಟ್ ಅದನ್ನು ಕೊಂಡಿದ್ದು 1992ರಲ್ಲಿ, ಕೊನೆಯ ಆವೃತ್ತಿ ಬಂದಿದ್ದು 2004ರಲ್ಲಿ, ಬೆಂಬಲ ನಿಂತಿದ್ದು 2015ರ ಜನವರಿಯಲ್ಲಿ. ಎಲ್ಲಾ ನಿಜ. ಆದರೂ ಕಮಲಾಪುರದ ನಮ್ಮ ಪರಿಚಯದ ಗೊಬ್ಬರದಂಗಡಿಯಲ್ಲಿ ರೈತರ ಉದ್ರಿ ಲೆಕ್ಕ ಇವತ್ತಿಗೂ ಅದರಲ್ಲೇ ಇದೆ. ಕಮಾಂಡ್ ವಿಂಡೋದಲ್ಲಿ ಯೂಸ್, ಬ್ರೌಸ್, ಪ್ಯಾಕ್ ಅಂತ ಟೈಪ್ ಮಾಡ್ತಾರೆ, ಕೆಲಸ ನಡೆಯುತ್ತೆ.

ತಕರಾರು ಇರೋದು ಈ ಪ್ಯಾಕ್‌ನಲ್ಲಿ. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಅಂದರೆ ದಾಖಲೆ ತಕ್ಷಣ ಹೋಗುವುದಿಲ್ಲ, ಅದರ ಮೊದಲ ಬೈಟ್‌ನಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತೆ, ಅಷ್ಟೇ. ಪ್ಯಾಕ್ ಕೊಟ್ಟಾಗ ಉಳಿದ ದಾಖಲೆಗಳೆಲ್ಲ ಒಂದು ತಾತ್ಕಾಲಿಕ ಫೈಲಿಗೆ ನಕಲಾಗುತ್ತವೆ. ಆಮೇಲೆ ಹಳೆಯ ಡಿಬಿಎಫ್ ಅಳಿಸಿ, ತಾತ್ಕಾಲಿಕ ಫೈಲಿಗೆ ಅದರ ಹೆಸರಿಡುತ್ತೆ. ಹಳೆಯದು ಅಳಿದು, ಹೊಸದಕ್ಕೆ ಹೆಸರು ಬೀಳುವಷ್ಟರಲ್ಲಿ ಕರೆಂಟ್ ಹೋದರೆ? (ನಮ್ಮ ಕಡೆ ಬೇಸಿಗೆಯಲ್ಲಿ ಇದು ಕಲ್ಪನೆಯ ಮಾತಲ್ಲ ಸ್ವಾಮಿ!) ಆಗ ಇಡೀ ಅಂಗಡಿಯ ಲೆಕ್ಕ ಉಳಿದಿರುವುದು ಆ "ಕಸ"ದೊಳಗೇ.

ಈ ಅಂಗಡಿಯಲ್ಲಿ ಆಗಿದ್ದೂ ಅದೇ. ಪ್ಯಾಕ್ ನಡುವೆ ಕರೆಂಟ್ ಹೋಯ್ತು, ಡಿಬಿಎಫ್ ಕಾಣಲಿಲ್ಲ. ಕಲಬುರಗಿಯಿಂದ ಬಂದ ಹುಡುಗ ಮೊದಲು ಟೆಂಪ್ ಫೈಲ್‌ಗಳನ್ನೆಲ್ಲ ಒರೆಸಿ, ನಂತರ "ಫೈಲ್ ಕರಪ್ಟ್ ಆಗ್ಯಾದ್ರೀ, ಸಾಫ್ಟ್‌ವೇರ್ ಹಳೇದು" ಅಂದು ದುಡ್ಡು ಎಣಿಸಿಕೊಂಡು ಹೋದ. ಅಂಗಡಿಯವರು ಚೀಟಿ ಹುಡುಕಿ ಹುಡುಕಿ ಉದ್ರಿ ಮತ್ತೆ ಬರೆದರು. ಚೀಟಿ ಸಿಗದ ಕಡೆ ರೈತ ಹೇಳಿದ್ದೇ ಲೆಕ್ಕ, ಜಗಳವೂ ಆಯ್ತು.

ಮಾಡಬೇಕಿದ್ದಿದ್ದು ಇಷ್ಟೇ. ಫಾಕ್ಸ್‌ಪ್ರೊ ಮುಚ್ಚಿ, ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡುವುದು. ಆ ಕಾಪಿಯಲ್ಲಿ ದೊಡ್ಡ ಗಾತ್ರದ ಟೆಂಪ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವುದು. ಮೊದಲಲ್ಲೇ ಕಾಲಂಗಳ ಹೆಸರು ಕಂಡರೆ ಅದು ಟೇಬಲ್ಲೇ, ಡಿಬಿಎಫ್ ಅಂತ ಹೆಸರು ಬದಲಿಸಿ ಲಿಬ್ರೆಆಫೀಸ್‌ನಲ್ಲಿ ತೆರೆಯಲು ಪ್ರಯತ್ನಿಸಬಹುದು. ಚೆಕ್‌ಡಿಸ್ಕ್ ಹುಡುಕಿಕೊಡುವ ಸಿಎಚ್‌ಕೆ ಫೈಲುಗಳನ್ನೂ ಹೀಗೇ ನೋಡಬೇಕು. ಅಳಿಸೋದು ಕೊನೆಗೆ.

ಮೈಎಸ್‌ಕ್ಯೂಎಲ್‌ನ ಮೈಐಸ್ಯಾಮ್‌ಚೆಕ್ ವಾಸಿ. ರಿಪೇರಿ ಮಾಡುವಾಗ ಹಳೆಯ ಟಿಎಂಡಿ ಫೈಲ್ ಕಂಡರೆ ಮುಂದೆ ಹೋಗದೆ ನಿಲ್ಲುತ್ತೆ. ನಮ್ಮವರು ಅದಕ್ಕೂ ಫೋರ್ಸ್ ಅಂತ ಸೇರಿಸಿ ಮುಂದೆ ತಳ್ಳುತ್ತಾರೆ :)

"ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದು ಹಾಕ್ಕೊಳ್ಳಲಿ" ಅಂತೀರಾ? ಹಾಕ್ಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ. ಹೊಸದಕ್ಕೆ ತುಂಬುವ ಲೆಕ್ಕ ಎಲ್ಲಿಂದ ತರ್ತೀರಿ?